ಪಾಸ್ತಾ ಮಾಡಿದ ದಿನ ಸಾರು ಮಾಡಬಾರದು

ಗಂಡಸರ ಅಡುಗೆ ಬಗ್ಗೆ ನಮ್ಮಲ್ಲಿ ನಗೆಬರಹಗಳಿಗೆ ಬರಗಾಲ ಇಲ್ಲ. ಹೆಂಡತಿ ತವರಿಗೆ ಹೋಗಿರ್ತಾಳೆ, ಉಪ್ಪಿಟ್ಟು ಅಂಟಿನ ಉಂಡೆ ಆಗಿರತ್ತೆ, ಕುಕ್ಕರ್ ಕೂಗೋದೇ ಇಲ್ಲ, ಕೊನೆಗೆ ಹೋಟೆಲಿಗೆ ಶರಣು. ಓದಿ ನಾವೂ ನಗ್ತೀವಿ. ಇದು ಆ ಜಾತಿಯ ಬರಹ ಅಲ್ಲ, ಮೊದಲೇ ಹೇಳಿಬಿಡ್ತೀನಿ. ನನಗೆ ಅಡುಗೆ ಬರುತ್ತೆ. ಮನೆಯಲ್ಲಿ ವಾರಕ್ಕೆ ಎರಡು ರಾತ್ರಿ ಒಲೆ ನನ್ನದು. ಆ ಎರಡು ರಾತ್ರಿ ನಮ್ಮೂರಿನ ಅಡುಗೆ ಮಾಡಲ್ಲ, ಬೇರೆ ದೇಶದ್ದು ಮಾಡ್ತೀನಿ. ಯಾಕೆ ಅಂತ ಕೇಳಿದವರಿಗೆ ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟು ಸಾಕಾಗಿದೆ, ಅದಕ್ಕೇ ಒಟ್ಟಿಗೆ ಬರೆದು ಹಾಕ್ತಿದೀನಿ.

ಮೊದಲನೇ ತಕರಾರು "ಫಾರಿನ್ ಅಡುಗೆ" ಅನ್ನೋ ಪದದ ಮೇಲೇ. ಈ ಪದ ಕೇಳಿದ ಕೂಡಲೇ ನಮ್ಮ ತಲೆಗೆ ಬರೋದು ಹೋಟೆಲ್ ಅಡುಗೆ. ಚೈನೀಸ್ ಅಂದ್ರೆ ಗೋಬಿ ಮಂಚೂರಿ, ಇಟಾಲಿಯನ್ ಅಂದ್ರೆ ಚೀಸಿನಲ್ಲಿ ಮುಳುಗಿಸಿದ ಬಿಳೀ ಸಾಸು. ಗೋಬಿ ಮಂಚೂರಿ ಚೀನಾದವರು ಕಂಡೂ ಕೇಳರಿಯದ ತಿಂಡಿ ಸ್ವಾಮೀ. 1975ರ ಸುಮಾರಿಗೆ ಮುಂಬಯಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ನೆಲ್ಸನ್ ವಾಂಗ್ ಅನ್ನೋ, ಕೋಲ್ಕತ್ತಾದ ಚೀನೀ ಕುಟುಂಬದ ಬಾಣಸಿಗರು ಚಿಕನ್ ಮಂಚೂರಿಯನ್ ಹುಟ್ಟುಹಾಕಿದರು ಅನ್ನೋದು ಎಲ್ಲರೂ ಹೇಳೋ ಕತೆ. ಕೋಳಿ ಹೋಗಿ ಹೂಕೋಸು ಬಂದದ್ದು ಆಮೇಲೆ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕೋದನ್ನ ನಿಷೇಧಿಸಿದಾಗ ನಮ್ಮ ಆಫೀಸಿನಲ್ಲಿ ಒಬ್ಬ "ನೋಡು, ಇದಕ್ಕೇ ಹೇಳೋದು, ಹೊರಗಿನೋರ ಊಟ ನಮ್ಮ ಮೈಗೆ ಆಗಲ್ಲ" ಅಂದ. ಹೊರಗಿನೋರು ಯಾರಪ್ಪಾ ಇದರಲ್ಲಿ? ಹೂಕೋಸು ನಮ್ಮದು, ಬಣ್ಣ ನಮ್ಮದು, ಗಾಡಿಯೂ ನಮ್ಮದೇ.

ಯಾವ ದೇಶದಲ್ಲೂ ಜನ ದಿನಾ ಹೋಟೆಲ್ ಅಡುಗೆ ಉಣ್ಣಲ್ಲ. ಕೆಲಸದಿಂದ ಬಂದು, ಸುಸ್ತಾಗಿ, ಮನೇಲಿ ಇರೋದರಲ್ಲೇ ಏನೋ ಒಂದು ಬೇಯಿಸ್ಕೊಂಡು ತಿಂತಾರೆ. ನಮ್ಮ ತಿಳಿಸಾರು ಅನ್ನ ಇದ್ದ ಹಾಗೆ ಅವರಿಗೂ ಒಂದಿರತ್ತೆ. ಹುಡುಕಬೇಕಾದ್ದು ಅದನ್ನ.

ಚೀನಾದ್ದೇ ತಗೊಳ್ಳಿ. ಅಲ್ಲಿನ ಮನೆಮನೆಯ ಅಡುಗೆ ಟೊಮೆಟೊ-ಮೊಟ್ಟೆ. ಮೊಟ್ಟೆ ಒಡೆದು ಕಲಕಿ ಬಿಸಿ ಎಣ್ಣೆಗೆ ಸುರಿದು, ಇನ್ನೂ ಮೆತ್ತಗಿರುವಾಗಲೇ ತೆಗೆದಿಡೋದು. ಅದೇ ಬಾಣಲೆಗೆ ಹೆಚ್ಚಿದ ಟೊಮೆಟೊ, ಉಪ್ಪು, ಒಂದು ಚಿಟಿಕೆ ಸಕ್ಕರೆ ಹಾಕಿ, ರಸ ಬಿಟ್ಟ ಮೇಲೆ ಮೊಟ್ಟೆ ವಾಪಸ್. ಮೇಲೆ ಈರುಳ್ಳಿ ಹೂವಿನ ಹಸಿರು. ಅಷ್ಟೇ! ಅನ್ನಕ್ಕೆ ಕಲೆಸ್ಕೊಂಡು ತಿನ್ನೋದು. ಅಲ್ಲಿ ಎಷ್ಟೋ ಮಕ್ಕಳು ಮೊದಲು ಕಲಿಯೋ ಅಡುಗೆ ಇದು. ಇದಕ್ಕೆ ಯಾವ ಬಾಟಲಿ ಸಾಸೂ ಬೇಡ, ಹತ್ತು ನಿಮಿಷ ಸಾಕು.

ಇನ್ನು ಅವರ ಬೆಳಗಿನ ತಿಂಡಿಯಂತೂ ಗಂಜಿ. ಹೌದು, ಗಂಜಿಯೇ. ಜೊತೆಗೆ ಉಪ್ಪಿನಲ್ಲಿ ಹಾಕಿದ ತರಕಾರಿ. ಮಂಗಳೂರು ಕಡೆಯವರು ಕುಚ್ಚಲಕ್ಕಿ ಗಂಜಿಗೆ ಮಾವಿನಮಿಡಿ ನಂಚಿಕೊಳ್ಳೋದಕ್ಕೂ ಇದಕ್ಕೂ ಎಷ್ಟು ದೂರ ಹೇಳಿ. ಇಂಗ್ಲಿಷಿನವರು ಆ ಚೀನೀ ಗಂಜಿಗೆ ಕರೆಯೋ "ಕಾಂಜಿ" ಅನ್ನೋ ಹೆಸರು ತಮಿಳಿನ ಕಂಜಿಯಿಂದ ಪೋರ್ಚುಗೀಸರ ಬಾಯಲ್ಲಿ ಹಾದು ಹೋದದ್ದು. ನಮ್ಮ ಗಂಜಿಯೂ ಅದರ ಒಡಹುಟ್ಟು. ದೊಡ್ಡ ಹೋಟೆಲಿನ ಮೆನುವಿನಲ್ಲಿ ಆ ಹೆಸರು ಓದಿ "ಒಂದು ಟ್ರೈ ಮಾಡೋಣ" ಅನ್ನೋರನ್ನ ಕಂಡ್ರೆ ನಂಗೆ ನಗು ತಡೆಯೋಕಾಗಲ್ಲ :)

ಇಟಲಿಯ ತಿಳಿಸಾರು ಯಾವುದು ಅಂದ್ರೆ ನನ್ನ ಪ್ರಕಾರ "ಆಲಿಯೊ ಎ ಓಲಿಯೊ". ಬೆಳ್ಳುಳ್ಳಿ ಮತ್ತು ಎಣ್ಣೆ ಅಂತ ಅರ್ಥ. ನೇಪಲ್ಸ್ ಕಡೆಯದು. ನಮ್ಮ ಒಗ್ಗರಣೆ ತತ್ವವನ್ನ ಇದಕ್ಕಿಂತ ಶುದ್ಧವಾಗಿ ಬೇರೆ ಯಾವ ಅಡುಗೆಯಲ್ಲೂ ನಾನು ನೋಡಿಲ್ಲ. ಒಬ್ಬರಿಗೆ 100 ಗ್ರಾಂ ಸ್ಪಗೆಟ್ಟಿ, ಅದಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಇದು ಇಟಲಿಯವರ ಮಗ್ಗಿ. (ನಾನು ಉಪ್ಪು ಸ್ವಲ್ಪ ಕಮ್ಮಿ ಹಾಕ್ತೀನಿ, ಅಮ್ಮನಿಗೆ ಬಿಪಿ.) ಅದು ಬೇಯ್ತಿರುವಾಗ ಇನ್ನೊಂದು ಒಲೆಯಲ್ಲಿ ಆಲಿವ್ ಎಣ್ಣೆಗೆ ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿ, ಮುರಿದ ಒಣಮೆಣಸಿನಕಾಯಿ. ಉರಿ ಸಣ್ಣ. ಬೆಳ್ಳುಳ್ಳಿ ಕೆಂಪಾಯ್ತೋ, ಕಹಿ. ಹೊಂಬಣ್ಣಕ್ಕೆ ಬರ್ತಿದ್ದ ಹಾಗೇ ಪಾಸ್ತಾ ಬೆಂದ ನೀರು ಒಂದು ಸೌಟು ಸುರೀಬೇಕು. ಇಡೀ ಅಡುಗೆಯ ಗುಟ್ಟು ಇರೋದು ಆ ಒಂದು ಸೌಟಿನಲ್ಲಿ. ಪಾಸ್ತಾ ಬಿಟ್ಟ ಹಿಟ್ಟಿನಂಶ ಆ ನೀರಲ್ಲಿರತ್ತಲ್ಲ, ಅದು ಎಣ್ಣೆಯನ್ನೂ ನೀರನ್ನೂ ಬೇರೆ ಆಗದ ಹಾಗೆ ಹಿಡಿದಿಡತ್ತೆ. ಪೊಟ್ಟಣದ ಮೇಲೆ ಹೇಳಿದ್ದಕ್ಕಿಂತ ಒಂದು ನಿಮಿಷ ಮೊದಲೇ ಸ್ಪಗೆಟ್ಟಿ ಎತ್ತಿ ಇದಕ್ಕೆ ಹಾಕಿ ಜೋರಾಗಿ ತಿರುವಿದರೆ ಎಣ್ಣೆ ತೆಳು ಗೊಜ್ಜಿನ ಹಾಗೆ ಎಳೆಎಳೆಗೂ ಅಂಟಿಕೊಳ್ಳತ್ತೆ. ಬೇಯಿಸಿದ ನೀರನ್ನ ಪೂರ್ತಿ ಸಿಂಕಿಗೆ ಚೆಲ್ಲಿ, ಆಮೇಲೆ "ಒಣ ಒಣ ಆಯ್ತು" ಅಂತ ಕೆಚಪ್ ಹಿಂಡೋ ಗೆಳೆಯರು ನನಗಿದ್ದಾರೆ. ಅನ್ನ ಬಸಿದ ಗಂಜಿಯಲ್ಲೇ ಸತ್ವ ಇರೋದು ಅಂತ ನಮ್ಮಜ್ಜಿಯರು ಹೇಳಿಲ್ವಾ? ಅದೇ ಲೆಕ್ಕ. ಮೇಲೆ ಪಾರ್ಸ್ಲಿ ಸೊಪ್ಪು ಹಾಕೋದು ರೂಢಿ. ಸಿಗದಿದ್ರೆ ಬಿಟ್ಟುಬಿಡಿ, ಕೊತ್ತಂಬರಿ ಹಾಕಬೇಡಿ. ಬ್ಯಾಡಗಿ ಹಾಕಿದ್ರೆ ಬಣ್ಣ ಚೆಂದ, ಖಾರ ಸಾಲದು, ಎರಡು ಗುಂಟೂರು ಸೇರಿಸಿ.

ಅಂದಹಾಗೆ ಪಾಸ್ತಾ ಮೈದಾ ಅಂತ ಮೂಗು ಮುರಿಯೋರಿಗೆ: ಒಳ್ಳೇ ಪಾಸ್ತಾ ಮಾಡೋದು ಡ್ಯೂರಮ್ ಗೋಧಿಯ ರವೆಯಿಂದ. ನಮ್ಮ ಬನ್ಸಿ ರವೆಯೂ ಡ್ಯೂರಮ್ ಗೋಧಿಯದೇ. ಪೊಟ್ಟಣದ ಹಿಂದೆ ಓದಿ ತಗೊಂಡ್ರೆ, ನೀವು ತಿನ್ನೋದು ಒಂಥರಾ ಉಪ್ಪಿಟ್ಟಿನ ಚಿಕ್ಕಪ್ಪನ ಮಗನನ್ನೇ.

ಕೊತ್ತಂಬರಿ ಬೇಡ ಅಂದ ಕೂಡಲೇ ಎರಡು ಗುಂಪಿನವರು ನನ್ನ ಮೇಲೆ ಬೀಳ್ತಾರೆ. ಒಂದು, "ಸ್ವಲ್ಪ ಇಂಡಿಯನ್ ಟಚ್ ಕೊಡೋಣ" ಗುಂಪು. ಇವರು ಏನೇ ಮಾಡಿದ್ರೂ ಗರಂ ಮಸಾಲೆ ಬೀಳಲೇಬೇಕು, ಜೊತೆಗೆ ಶುಂಠಿ ಬೆಳ್ಳುಳ್ಳಿ ಪೇಸ್ಟು. ಪಾಸ್ತಾ, ನೂಡಲ್ಸ್, ಫ್ರೈಡ್ ರೈಸ್ ಎಲ್ಲದಕ್ಕೂ ಕೊನೆಗೆ ಒಂದೇ ರುಚಿ. ಹಾಗಾದ್ರೆ ಪಲಾವ್ ಮಾಡ್ಕೊಳ್ಳಿ, ಪಲಾವ್ ಚೆನ್ನಾಗೇ ಇರತ್ತಲ್ಲ. ಇನ್ನೊಂದು "ಅಥೆಂಟಿಕ್" ಗುಂಪು. ಆನ್‌ಸೈಟ್ ಹೋಗಿ ಬಂದೋರಲ್ಲಿ ಈ ಕಾಯಿಲೆ ಜಾಸ್ತಿ. ಇಂತಹದೇ ಎಣ್ಣೆ, ಇಂತಹದೇ ಬಾಣಲೆ, ಇಲ್ಲದಿದ್ರೆ ಮಾಡಲೇಬಾರದು. ಹೋಟೆಲಿನ ಫ್ರೈಡ್ ರೈಸಿಗೆ ಬರೋ ಆ ಹೊಗೆಯ ಘಮ ("ವೋಕ್ ಹೇ" ಅಂತಾರೆ ಕ್ಯಾಂಟನಿನವರು) ನಮ್ಮ ಮನೆ ಗ್ಯಾಸಿನ ಉರಿಗೆ ಬರಲ್ಲ ನಿಜ. ಆದ್ರೆ ಚೀನಾದ ಮನೆಗಳ ಒಲೆಯೇನು ಹೋಟೆಲಿನ ಒಲೆಯೇ? ರಾತ್ರಿ ಉಳಿದ ಅನ್ನ ಫ್ರಿಜ್ಜಿನಲ್ಲಿಟ್ಟು (ಹೊರಗಡೆ ಇಡಬೇಡಿ, ಬೆಚ್ಚಗಿನ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆಯತ್ತೆ, ಮತ್ತೆ ಹುರಿದರೂ ಅದರ ವಿಷ ಹೋಗಲ್ಲ), ಮರುದಿನ ಒಂದು ಸಲಕ್ಕೆ ಒಂದೇ ತಟ್ಟೆಯಷ್ಟು ಹುರಿದರೆ ಸೊಗಸಾಗೇ ಬರುತ್ತೆ. ತಣ್ಣಗಾದ ಅನ್ನದಲ್ಲಿ ಪಿಷ್ಟ ಗಟ್ಟಿಯಾಗಿ ಅಗುಳು ಬಿಡಿಬಿಡಿ ಆಗಿರತ್ತೆ, ಅದಕ್ಕೆ. ಚಿತ್ರಾನ್ನ ಮಾಡೋ ಮನೆಯವರಿಗೆ ಇದನ್ನ ಬೇರೆ ಹೇಳಿಕೊಡಬೇಕಾ?

ನನ್ನ ನಿಲುವು ಎರಡರ ಮಧ್ಯದ್ದಲ್ಲ. ಮೊದಲ ಸಲ ಅವರು ಹೇಳಿದ ಹಾಗೇ ಮಾಡಿ, ಸಿಗದ್ದನ್ನ ಬಿಡಿ, ಹೊಸದೇನೂ ಸೇರಿಸಬೇಡಿ. ಅವರು ಯಾವ ರುಚಿ ಉಣ್ತಾರೆ ಅಂತ ಒಂದು ಸಲವಾದ್ರೂ ನಾಲಿಗೆಗೆ ತಿಳೀಲಿ.

"ನಮ್ಮ ಅಡುಗೆ, ನಮ್ಮ ಸಂಸ್ಕೃತಿ" ಅನ್ನೋರ ಜೊತೆ ನಾನು ಜಗಳಕ್ಕೆ ಹೋಗಲ್ಲ, ತರಕಾರಿ ಬುಟ್ಟಿ ತೋರಿಸ್ತೀನಿ. ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ಮೂರೂ ಅಮೆರಿಕ ಖಂಡದವು. 1492ರ ನಂತರ ಹಡಗು ಹತ್ತಿ ಬಂದವು. ಕೆಲವು ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಇವತ್ತಿಗೂ ಇವನ್ನ ಸೇರಿಸಲ್ಲ, ಖಾರಕ್ಕೆ ಕಾಳುಮೆಣಸೇ ಬೇಕು. ನಮ್ಮ ಭಾಷೆಗಂತೂ ಎಲ್ಲ ಚೆನ್ನಾಗಿ ನೆನಪಿದೆ. ಪರಂಗಿ ಹಣ್ಣು ಅಂದ್ರೆ ಪರಂಗಿಯವರ ಹಣ್ಣು. ಸೀಮೆಎಣ್ಣೆ, ಸೀಮೆಸುಣ್ಣದ ಸಾಲಿನಲ್ಲೇ ಸೀಮೆಬದನೆ. ಆ ಸೀಮೆಬದನೆ ಮೆಕ್ಸಿಕೋ ಕಡೆಯದು, ತಮಿಳರು ಅದನ್ನ "ಬೆಂಗಳೂರು ಕತ್ತರಿಕಾಯಿ" ಅಂತಾರೆ! ಏಕಾದಶಿ ಉಪವಾಸಕ್ಕೆ ತಿನ್ನೋ ಸಬ್ಬಕ್ಕಿ ಮಾಡೋದು ದಕ್ಷಿಣ ಅಮೆರಿಕದಿಂದ ಬಂದ ಮರಗೆಣಸಿನಿಂದ. ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಯಾವಳೋ ಒಬ್ಬಳು ಮೊದಲ ಸಲ ಆಲೂಗಡ್ಡೆ ಹೆಚ್ಚಿದಾಗ ಅವಳ ಅತ್ತೆ ಏನಂದಿರಬಹುದು ಅಂತ ನಾನು ಆಗಾಗ ಯೋಚಿಸ್ತಿರ್ತೀನಿ.

ಸಸ್ಯಾಹಾರಿಗಳ ಕಷ್ಟ ಬೇರೆ, ಅದು ನಿಜವಾದ ಕಷ್ಟ. ಥಾಯ್ ಕರಿ ಪೇಸ್ಟಿನಲ್ಲಿ ಸಾಮಾನ್ಯವಾಗಿ ಸೀಗಡಿ ಇರತ್ತೆ, ಕಿಮ್ಚಿಯಲ್ಲೂ ಸೀಗಡಿಯೋ ಮೀನಿನ ಸಾಸೋ ಬೀಳತ್ತೆ. ಅಸಲಿ ಪಾರ್ಮಿಜಾನೊ ಚೀಸ್ ಮಾಡೋದು ಕರುವಿನ ಹೊಟ್ಟೆಯ ರೆನೆಟ್ಟಿನಿಂದ. ಹಸಿರು ಚುಕ್ಕೆ ನೋಡದೆ ಏನೂ ಕೊಳ್ಳಬೇಡಿ. ಆದ್ರೆ ದಾರಿಯೂ ಇದೆ. ಜಪಾನಿನ ಬೌದ್ಧ ಮಠಗಳ "ಶೋಜಿನ್ ರ್ಯೋರಿ" ಅಡುಗೆಯಲ್ಲಿ ಮೀನು ಮಾಂಸ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಕೊಂಬು ಅನ್ನೋ ಸಮುದ್ರಪಾಚಿಯನ್ನ ತಣ್ಣೀರಲ್ಲಿ ನೆನೆಸಿ, ಕುದಿ ಬರೋ ಮುಂಚೆ ಎತ್ತಿದರೆ ಸಾರಿನ ನೀರು ರೆಡಿ. 1908ರಲ್ಲಿ ಕಿಕುನಾಯೆ ಇಕೆಡಾ ಗ್ಲುಟಮೇಟ್ ಅನ್ನೋ ರುಚಿಯನ್ನ ಬೇರ್ಪಡಿಸಿ "ಉಮಾಮಿ" ಅಂತ ಹೆಸರಿಟ್ಟದ್ದು ಈ ಪಾಚಿಯ ನೀರಿನಿಂದಲೇ. ಒಲೆ ಆರಿಸಿದ ಮೇಲೆ ಮಿಸೊ ಕದಡಬೇಕು, ಕುದಿಸಬಾರದು. ಮಜ್ಜಿಗೆಹುಳಿ ಮಾಡೋರಿಗೆ ಇದು ಹೊಸ ಪಾಠ ಅಲ್ಲ.

ಇಷ್ಟು ಹೊತ್ತು ಹೇಳಿದ್ದು ಪೀಠಿಕೆ. ನನಗೆ ಮುಖ್ಯವಾದದ್ದು ಶೀರ್ಷಿಕೆಯಲ್ಲಿದೆ.

ಮಗ ಭಾನುವಾರ ಪಾಸ್ತಾ ಮಾಡ್ತಾನೆ. ಮನೆಯವರೆಲ್ಲ ಫೋಟೋ ತೆಗೀತಾರೆ, ಅತ್ತಿಗೆ ಸ್ಟೇಟಸ್ ಹಾಕ್ತಾಳೆ, ಪಕ್ಕದ ಮನೆ ಆಂಟಿ "ಪುಣ್ಯ ಮಾಡಿದೀರಿ ಬಿಡಿ" ಅಂತಾರೆ. ಈ ಗಲಾಟೆ ನಡೀತಿರುವಾಗ ಅಮ್ಮ ಇನ್ನೊಂದು ಒಲೆಯಲ್ಲಿ ಕುಕ್ಕರ್ ಇಟ್ಟಿರ್ತಾಳೆ. "ಯಾವುದಕ್ಕೂ ಇರ್ಲಿ ಅಂತ ಒಂದು ತಿಳಿಸಾರು ಮಾಡ್ದೆ ಕಣೋ, ನಿಮ್ಮಪ್ಪ ಇದನ್ನ ತಿಂದು ಏಳಲ್ಲ." ಎಷ್ಟು ಮನೆಗಳಲ್ಲಿ ನೋಡಿದೀನಿ ಇದನ್ನ! ಮಗನದು ಪ್ರಯೋಗ, ಅಮ್ಮನದು ಅಡುಗೆ. ಪ್ರಯೋಗ ಮುಗಿದ ಮೇಲೆ ಎಣ್ಣೆ ಸಿಡಿದ ಒಲೆ ಒರೆಸೋದೂ ಅಡುಗೆಯ ಲೆಕ್ಕಕ್ಕೇ. ಅಂದ್ರೆ ಮಗ ಒಲೆ ಹಿಡಿದ ದಿನ ಅಮ್ಮನಿಗೆ ಕೆಲಸ ಕಮ್ಮಿ ಆಗಲಿಲ್ಲ, ಒಂದಷ್ಟು ಜಾಸ್ತಿಯೇ ಆಯ್ತು.

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡ್ತಾರೆ, ಗಂಡಸರು 97 ಅಂತ ಇತ್ತು. ಆ 97 ಕೂಡ ಮನೆಗೆಲಸ ಮಾಡ್ತೀವಿ ಅಂದ ಗಂಡಸರದು ಮಾತ್ರ. ನಾವು ಕೋಡ್ ಬರೆಯೋರಿಗೆ ಇದು ಬೇಗ ಅರ್ಥ ಆಗಬೇಕು. ಹೊಸ ಸಿಸ್ಟಮ್ ಬಂದ ಮೇಲೂ ಹಳೇದನ್ನ ಪಕ್ಕದಲ್ಲಿ ಓಡಿಸ್ತಾನೇ ಇದ್ದರೆ ಅದಕ್ಕೆ ಮೈಗ್ರೇಶನ್ ಅನ್ನಲ್ಲ, ಡೆಮೋ ಅಂತಾರೆ.

ಜಪಾನಿನ ಝೆನ್ ಗುರು ದೋಗೆನ್ 1237ರಲ್ಲಿ ಮಠದ ಅಡುಗೆಯವನಿಗೋಸ್ಕರವೇ ಒಂದು ಗ್ರಂಥ ಬರೆದ, "ತೆಂಜೊ ಕ್ಯೋಕುನ್". ಅಕ್ಕಿ ತೊಳೆಯೋದೂ ಧ್ಯಾನದಷ್ಟೇ ಗಂಭೀರ ಸಾಧನೆ ಅನ್ನೋ ಧಾಟಿ ಅದರದ್ದು. ನಮ್ಮಲ್ಲೂ "ಅನ್ನಪೂರ್ಣೆ" ಅಂತ ಕೈ ಮುಗೀತೀವಿ. ಮುಗಿದ ಕೈಯಲ್ಲಿ ತಟ್ಟೆ ತೊಳೆಯೋ ರೂಢಿ ಮಾತ್ರ ಬಂದಿಲ್ಲ.

ಅದಕ್ಕೇ ನಮ್ಮನೇಲಿ ಒಂದು ಕರಾರು. ನಾನು ಏನೇ ಮಾಡಲಿ, ಅವತ್ತು ರಾತ್ರಿಯ ಊಟ ಅದೊಂದೇ. ಸಾರು ಇಲ್ಲ, ಪಕ್ಕದಲ್ಲಿ "ಯಾವುದಕ್ಕೂ" ಅನ್ನವೂ ಇಲ್ಲ. ಅಪ್ಪನಿಗೆ ಹಿಡಿಸದಿದ್ರೆ ಮೊಸರಿದೆ, ಬ್ರೆಡ್ಡಿದೆ. ಮೊದಮೊದಲು ಎರಡು ಸಲ ಅಪ್ಪ ಮುನಿಸಿಕೊಂಡು ಬ್ರೆಡ್ಡೇ ತಿಂದರು. ಟೊಮೆಟೊ-ಮೊಟ್ಟೆಗೆ ಸೋತರು. ಸಾಮಾನು ತರೋದು, ಪಾತ್ರೆ, ಒಲೆ ಒರೆಸೋದು, ಸಿಂಕಿನ ಜಾಲರಿಯಲ್ಲಿ ಸಿಕ್ಕಿದ ಸ್ಪಗೆಟ್ಟಿ ಎತ್ತೋದು ಎಲ್ಲ ಮಾಡಿದವನದ್ದೇ. ಈ ಕರಾರಿಗೆ ಒಗ್ಗೋ ಅಡುಗೆ ಸರಳವಾಗಿರಲೇಬೇಕು. ಒಂಬತ್ತು ಗಂಟೆಗೆ ಆಫೀಸ್ ಕಾಲ್ ಮುಗಿಸಿ ಬಂದವನು ಲಸಾನ್ಯ ಮಾಡೋಕಾಗತ್ತಾ? ನಾನು ಹತ್ತು ದೇಶದ ತಿಳಿಸಾರುಗಳನ್ನೇ ಹುಡುಕ್ತಾ ಕೂರೋದಕ್ಕೆ ಇದೂ ಒಂದು ಕಾರಣ.

ಇತ್ತೀಚೆಗೆ ಯಾವುದು ಮಾಡಬೇಕು ಅನ್ನೋದನ್ನ ಅಮ್ಮನೇ ಆರಿಸ್ತಾಳೆ. ಮೂವತ್ತು ವರ್ಷ "ಇವತ್ತು ಏನು ಮಾಡ್ಲಿ" ಅಂತ ಬೇರೆಯವರನ್ನ ಕೇಳಿದವಳು ಈಗ "ಇದು ಮಾಡು" ಅಂತಾಳೆ, ಆ ಗತ್ತೇ ಬೇರೆ. ಈ ವಾರ ಕೊರಿಯಾ ಸೀರಿಯಲ್‌ನಲ್ಲಿ ಕಪ್ಪು ಹಾಳೆಯಲ್ಲಿ ಅನ್ನ ಸುತ್ತಿ ಬಿಲ್ಲೆಬಿಲ್ಲೆ ಕತ್ತರಿಸಿದ್ದು ನೋಡಿದಾಳೆ, ಅದು ಬೇಕಂತೆ. ಅದರ ಹೆಸರು ಕಿಂಬಾಪ್, ಹಾಳೆ ಸಮುದ್ರಪಾಚಿ, ಒಳಗೆ ಕ್ಯಾರೆಟ್ಟು, ಪಾಲಕ್ಕು, ಉಪ್ಪಿನಕಾಯಿ ಹಾಕಿದ ಮೂಲಂಗಿ ಇರತ್ತೆ ಅಂತ ಹೇಳಿದೆ. "ಹಾಗಾದ್ರೆ ಮೂಲಂಗಿ ನಾನು ಇವತ್ತೇ ಉಪ್ಪಿಗೆ ಹಾಕಿಡ್ತೀನಿ ಬಿಡು" ಅಂತ ಎದ್ದಳು. ಕೂತ್ಕೋ ಅಂದಿದೀನಿ. ಶನಿವಾರ ಮಾರ್ಕೆಟ್ಟಿಗೆ ಹೋಗಬೇಕು.