ರಾತ್ರಿಯಿಡೀ ದೀಪ ಉರಿಸಿದರೆ ಗಿಡ ಎರಡರಷ್ಟು ಬೆಳೆಯುತ್ತದೆಯೇ?

ರಾತ್ರಿ ಹೊತ್ತು ಹೊಲದ ತುಂಬ ಬಲ್ಬುಗಳು ಉರಿಯುವ ವಿಡಿಯೋ, ಕೆಳಗೆ ‘24 ಗಂಟೆ ಬೆಳಕು ಕೊಟ್ಟರೆ ಗಿಡ ಡಬಲ್ ಸ್ಪೀಡಿನಲ್ಲಿ ಬೆಳೆಯುತ್ತದೆ’ ಎಂಬ ಸಾಲು. ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ವಿಡಿಯೋ ನಿಜವೇ ಇರಬಹುದು, ಸಾಲು ಮಾತ್ರ ತಪ್ಪು. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಬೆಳೆಗಾರರು ರಾತ್ರಿ ಬಲ್ಬು ಹಾಕುತ್ತಾರೆ. ಸೇವಂತಿಗೆ ಮೊಗ್ಗು ಬಿಡಲು ದೀರ್ಘ ರಾತ್ರಿ ಬೇಕು. ನಡುವೆ ಬೆಳಕು ಬಿದ್ದರೆ ಹೂವು ತಡವಾಗುತ್ತದೆ. ಬಲ್ಬು ಇರುವುದು ಆ ತಡಕ್ಕಾಗಿ.

ಹಾಗಾದರೆ ಕತ್ತಲಲ್ಲಿ ಗಿಡ ಸುಮ್ಮನಿರುತ್ತದೆಯೇ? ಇಲ್ಲ. ಹಗಲು ತಯಾರಿಸಿದ ಸಕ್ಕರೆಯ ಒಂದು ಪಾಲನ್ನು ಅದು ಎಲೆಯಲ್ಲೇ ಪಿಷ್ಟವಾಗಿ ಕೂಡಿಟ್ಟು, ರಾತ್ರಿ ಅದನ್ನೇ ಕರಗಿಸಿ ಬದುಕುತ್ತದೆ, ಬೆಳೆಯುತ್ತದೆ. ಸಾಸಿವೆಯ ಬಂಧುವಾದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡ ಬೀಜದಿಂದ ಬೀಜಕ್ಕೆ ಕೆಲವೇ ವಾರ ತೆಗೆದುಕೊಳ್ಳುತ್ತದೆ. ಅದರ ಪಿಷ್ಟ ರಾತ್ರಿಯುದ್ದಕ್ಕೂ ಒಂದೇ ವೇಗದಲ್ಲಿ ಕರಗಿ, ಬೆಳಗಾಗುವಾಗ ಸುಮಾರು 95% ಖರ್ಚಾಗಿರುತ್ತದೆ. ವಿಜ್ಞಾನಿಗಳು ಒಂದು ದಿನ ನಾಲ್ಕು ಗಂಟೆ ಮೊದಲೇ ದೀಪ ಆರಿಸಿದರು. ಗಿಡ ಖರ್ಚಿನ ವೇಗ ತಗ್ಗಿಸಿತು, ದಾಸ್ತಾನು ಬೆಳಗಿನವರೆಗೂ ಬಂತು. ತಿಂಗಳ ಸಂಬಳ ಕಡಿಮೆ ಬಂದಾಗ ನಾವು ಮಾಡುವುದೂ ಇದೇ ತಾನೇ! ಈ ಲೆಕ್ಕ ನಡೆಯುವುದು ಗಿಡದೊಳಗಿನ ಜೈವಿಕ ಗಡಿಯಾರದಿಂದ. ಆ ಗಡಿಯಾರ ಕೆಟ್ಟ ತಳಿಗಳಲ್ಲಿ ಪಿಷ್ಟ ಬೆಳಗಾಗುವ ಮೊದಲೇ ಮುಗಿದು, ಬೆಳವಣಿಗೆ ಕುಂಟುತ್ತದೆ.

ಬಿಸಿಲು ಬೀಳದ ಮನೆಯಲ್ಲಿ ಗಿಡಕ್ಕೆ ದೀಪ ಹಾಕುವುದರಲ್ಲಿ ತಪ್ಪೇನಿಲ್ಲ, ರಾತ್ರಿ ಆರಿಸಿ. ಮುಖ್ಯವಾಗಿ ಟೊಮೆಟೊ ಕುಂಡದ ಮೇಲಿನದನ್ನು. ಬಿಡುವಿಲ್ಲದ ಬೆಳಕಿನಲ್ಲಿ ಟೊಮೆಟೊ ಎಲೆ ಹಳದಿಯಾಗಿ ಹಾಳಾಗುತ್ತದೆ.

ಗಡಿಯಾರದ ಹಿಡಿತ ಎಲ್ಲ ಗಿಡಗಳಲ್ಲೂ ಒಂದೇ ಸಮ ಇಲ್ಲ. ನೀರಿನ ಮೇಲೆ ತೇಲುವ ವುಲ್ಫಿಯಾ ಜಗತ್ತಿನ ಅತಿ ಚಿಕ್ಕ ಹೂಬಿಡುವ ಸಸ್ಯ. ಅನುಕೂಲವಿದ್ದರೆ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಎರಡರಷ್ಟಾಗುತ್ತದೆ. ಅಮೆರಿಕದ ಸಾಲ್ಕ್ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಕಂಡಂತೆ, ಅದರ ಸುಮಾರು 13% ಜೀನ್‌ಗಳು ಮಾತ್ರ ಹಗಲು-ರಾತ್ರಿಯ ತಾಳಕ್ಕೆ ಕುಣಿಯುತ್ತವೆ. ಬೇರೆ ಗಿಡಗಳಲ್ಲಿ ಇದರ ಸುಮಾರು ಎರಡರಷ್ಟು. ಹೊತ್ತು ನೋಡದೆ ಬೆಳೆಯುವುದು ಅದಕ್ಕೆ ಸಾಧ್ಯ. ಆದರೆ ವುಲ್ಫಿಯಾಕ್ಕೆ ಬೇರಿಲ್ಲ, ನಿಜವಾದ ಕಾಂಡವಿಲ್ಲ. ನಿಮ್ಮ ಟೊಮೆಟೊಗೆ ಅವೆರಡೂ ಇವೆ, ಜೊತೆಗೆ ಕಾಯಿ ಬಿಡುವ ಕೆಲಸವೂ ಇದೆ.