ಕೊಬ್ಬಿದ ಕೋಳಿಯ ತಪ್ಪೇನು?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಹಿತ್ತಿಲುಗಳಲ್ಲಿ ಮೊಟ್ಟೆ ನಿಲ್ಲಿಸಿದ ಕೋಳಿಗೆ ದೊರೆಯುವ ತೀರ್ಪು ಸಾಮಾನ್ಯವಾಗಿ ಒಂದೇ: ಕೊಬ್ಬೇರಿದೆ, ಇನ್ನು ಸಾರಿಗೇ ಸರಿ. ಕೊಬ್ಬೇರಿರುವುದು ನಿಜವಾಗಿರಬಹುದು. ಆದರೆ ಅಪರಾಧವನ್ನು ಕೋಳಿಯ ಮೇಲೆ ಹೊರಿಸುವ ಮೊದಲು ನಾವು ಅದರ ಮುಂದೆ ಚೆಲ್ಲುವ ಕಾಳನ್ನು ಪರೀಕ್ಷಿಸುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಜೋಳ, ಸಜ್ಜೆ, ಗೋವಿನಜೋಳಗಳಲ್ಲಿ ಪಿಷ್ಟವೇ ಪ್ರಧಾನ. ಜೋಳದಲ್ಲಿ ಪ್ರೋಟೀನು ನೂರಕ್ಕೆ ಸುಮಾರು 10 ಭಾಗ. ಮೊಟ್ಟೆಯಿಡುವ ಕೋಳಿಯ ಆಹಾರದಲ್ಲಿ ಸುಮಾರು 16 ಭಾಗ ಬೇಕು. ಒಂದು ಮೊಟ್ಟೆಯ ಚಿಪ್ಪಿಗೆ 2 ಗ್ರಾಮಿನಷ್ಟು ಕ್ಯಾಲ್ಸಿಯಂ ಅವಶ್ಯಕ. ಜೋಳದಲ್ಲಿ ಅದು ಇಲ್ಲವೆನ್ನುವಷ್ಟು ಅಲ್ಪ. ಹೀಗೆ ಮೊಟ್ಟೆಗೆ ಬೇಕಾದುದು ದೊರೆಯದೆ, ಬೇಡವಾದ ಪಿಷ್ಟ ಮಾತ್ರ ಉಳಿಯುತ್ತದೆ. ಯಕೃತ್ತು ಅದನ್ನು ಕೊಬ್ಬನ್ನಾಗಿ ಮಾರ್ಪಡಿಸಿ ತನ್ನಲ್ಲಿಯೂ ಹೊಟ್ಟೆಯಲ್ಲಿಯೂ ಶೇಖರಿಸುತ್ತದೆ. ಮೊಟ್ಟೆ ನಿಂತ ಬಳಿಕವೂ ಕಾಳು ಮೊದಲಿನಂತೆಯೇ ಬೀಳುತ್ತಿದ್ದರೆ ಕೊಬ್ಬು ಇನ್ನೂ ಬೆಳೆಯುತ್ತದೆ. ಕಾರಣವೇ ಕಾರ್ಯವಾಗಿ, ಕಾರ್ಯವೇ ಕಾರಣವಾಗಿ ತಿರುಗುವ ಚಕ್ರವಿದು.

ಈ ಚಕ್ರದ ಕೊನೆ ಮರಣವೂ ಆಗಬಹುದು. ಕೊಬ್ಬು ತುಂಬಿದ ಯಕೃತ್ತು ಹಳದಿಯಾಗಿ, ಮೆತ್ತಗಾಗಿ, ಒಡೆದು ರಕ್ತಸ್ರಾವವಾಗುತ್ತದೆ. 1956ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಈ ವ್ಯಾಧಿಯನ್ನು ವರ್ಣಿಸಲಾಯಿತು. ನಮ್ಮ ಸೀಮೆಯ ಬೇಸಗೆ ಇದಕ್ಕೆ ಇಂಬುಕೊಡುತ್ತದೆ. ಕೋಳಿಗೆ ಬೆವರುಗ್ರಂಥಿಗಳಿಲ್ಲ, ಏದುಸಿರಿನಿಂದಲೇ ಅದು ಶಾಖವನ್ನು ಹೊರಹಾಕಬೇಕು. ಕೊಬ್ಬಿನ ಹೊದಿಕೆಯುಳ್ಳ ಹಕ್ಕಿಗೆ ಅದು ಕಷ್ಟತರ. ದಿನವೆಲ್ಲ ಕೆದಕಿ ಹುಳುಹುಪ್ಪಟೆ ಹೆಕ್ಕುವ ಜವಾರಿ ಕೋಳಿಗೆ ಈ ಭಯ ಕಡಿಮೆ. ಗಿರಿರಾಜದಂತಹ ಭಾರವಾದ ತಳಿಯನ್ನು ಇಕ್ಕಟ್ಟಿನಲ್ಲಿಟ್ಟು ಕಾಳನ್ನೇ ತಿನ್ನಿಸಿದರೆ ಭಯ ಹೆಚ್ಚು.

ಆದರೂ ಮೊಟ್ಟೆಯಿಡದ ಕೋಳಿಯೆಲ್ಲ ಕೊಬ್ಬಿದ ಕೋಳಿಯಲ್ಲ. ಗರಿ ಉದುರುವ ಕಾಲ, ಕಾವು, ಮುಪ್ಪು ಇವೂ ಕಾರಣಗಳೇ. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲು ಸುಮಾರು 11 ಗಂಟೆಗಳಷ್ಟೇ. ಬೆಳಕು ಕುಗ್ಗಿದಾಗ ಮೊಟ್ಟೆಯೂ ಕುಗ್ಗುತ್ತದೆ. ಪರೀಕ್ಷೆ ಸುಲಭ. ಮೊಟ್ಟೆಯಿಡುತ್ತಿರುವ ಕೋಳಿಯ ಗುದದ್ವಾರದ ಇಕ್ಕೆಲದ ಎಲುಬುಗಳ ನಡುವೆ ಎರಡು ಮೂರು ಬೆರಳು ಹಿಡಿಸುತ್ತವೆ, ಹೊಟ್ಟೆ ಮೃದುವಾಗಿರುತ್ತದೆ. ಕೊಬ್ಬಿದುದರಲ್ಲಿ ಎಲುಬುಗಳು ಸಮೀಪಿಸಿ, ಹೊಟ್ಟೆ ದಪ್ಪವಾಗಿ ಬಿಗಿದಿರುತ್ತದೆ.

ಇನ್ನು ಪರಿಹಾರ. ಉಪವಾಸ ಕೆಡವುವುದು ಸಲ್ಲದು. ಕಾಳನ್ನು ಕ್ರಮೇಣ ಕಡಿಮೆಮಾಡಿ, ಅದರ ಬದಲು ಸ್ವಲ್ಪ ಶೇಂಗಾ ಹಿಂಡಿ, ನುಗ್ಗೆಸೊಪ್ಪು ಕೊಟ್ಟು, ಓಡಾಡಲು ಬಯಲು ಬಿಡಬೇಕು. ಬೂಷ್ಟು ಹಿಡಿದ ಹಿಂಡಿ ಯಕೃತ್ತಿಗೆ ವಿಷ, ಅದನ್ನು ಮುಟ್ಟಿಸಬಾರದು. ಕ್ಯಾಲ್ಸಿಯಮ್ಮಿಗೆ ದೂರ ಹೋಗಬೇಕಾಗಿಲ್ಲ. ಸಿಮೆಂಟಿಗೆ ಹೆಸರಾದ ಬಾಗಲಕೋಟೆಯ ನೆಲದಲ್ಲಿಯೇ ಸುಣ್ಣಕಲ್ಲಿದೆ. ಅದರ ಶುದ್ಧವಾದ ಹರಳನ್ನು ಬೇರೆ ಪಾತ್ರೆಯಲ್ಲಿಟ್ಟರೆ ಕೋಳಿಯೇ ಬೇಕಾದಷ್ಟು ತಿನ್ನುತ್ತದೆ. ಮ್ಯಾಗ್ನೀಸಿಯಂ ಹೆಚ್ಚಿರುವ ಡಾಲೊಮೈಟು ಮಾತ್ರ ಬೇಡ. ಇಳಕಲ್ಲಿನ ಕೆಂಪು ಗ್ರಾನೈಟಿನ ಹರಳು ಕೋಳಿಯ ಜಠರದಲ್ಲಿ ಕಾಳನ್ನು ಅರೆಯಬಲ್ಲದೇ ಹೊರತು ಚಿಪ್ಪನ್ನು ಕಟ್ಟಲಾರದು.

ಹಿತ್ತಿಲಿನ ಮೊಟ್ಟೆಯೆಂದರೆ ಮನೆಯ ಮಕ್ಕಳ ಪ್ರೋಟೀನು. ಎಷ್ಟೋ ಕಡೆ ತಾಯಂದಿರ ಕೈಯ ಕಾಸು. ಆದುದರಿಂದ ಇದು ಕ್ಷುಲ್ಲಕ ವಿಷಯವಲ್ಲ. ಜೀವಶಾಸ್ತ್ರ ಓದುವ ವಿದ್ಯಾರ್ಥಿಗಳು ತಮ್ಮ ಮನೆಯ ಕೋಳಿಯನ್ನು ವಾರಕ್ಕೊಮ್ಮೆ ತೂಗಿ, ತಿಂದ ಕಾಳನ್ನೂ ಇಟ್ಟ ಮೊಟ್ಟೆಯನ್ನೂ ಮೂರು ತಿಂಗಳು ಬರೆದಿಡಲಿ. ಕತ್ತಿಗೆ ಕೈಹಾಕುವ ಮೊದಲು ತಕ್ಕಡಿಗೆ ಕೈಹಾಕುವುದೇ ವಿಜ್ಞಾನದ ಮೊದಲ ಪಾಠ.