ಅಂಚು ದುಂಡಗಾದಾಗ ಲೆಕ್ಕಕ್ಕೆ ಸಾಕ್ಷಿ ಬೇಕು

ಪುಣೆಯ ನಮ್ಮ ಮನೆಗೆ ರಜೆಗೆಂದು ಬಂದಿದ್ದ ಅಕ್ಕನ ಮಗ ಮೊಬೈಲಿನಲ್ಲಿ ಯಲಹಂಕದ ಏರೋ ಇಂಡಿಯಾ ವಿಡಿಯೊ ನೋಡುತ್ತಿದ್ದ. ತೇಜಸ್ ಮೂತಿ ಎತ್ತಿ ತಿರುಗಿದಾಗ ರೆಕ್ಕೆಯ ಮೇಲೆ ಬೆಳ್ಳಗೆ ಏನೋ ಹರಡಿತು. ‘ಮಾಮಾ, ರೆಕ್ಕೆಯಿಂದ ಹೊಗೆ ಬರ್ತಿದೆ!’ ಎಂದ. ಹೊಗೆಯಲ್ಲ, ರೆಕ್ಕೆಯ ಮೇಲೆ ಒತ್ತಡ ಕುಸಿದಾಗ ಗಾಳಿ ತಣ್ಣಗಾಗಿ ಅದರ ತೇವ ಮಂಜಾಗುತ್ತದೆ ಎಂದೆ. ‘ಒತ್ತಡ ಯಾಕೆ ಕುಸಿಯುತ್ತೆ?’ ಎಂಬ ಮುಂದಿನ ಪ್ರಶ್ನೆ ನನ್ನನ್ನು ಎಂ.ಟೆಕ್ ದಿನಗಳಿಗೆ ಎಳೆದೊಯ್ದಿತು.

ತ್ರಿಕೋನಾಕಾರದ್ದು ಡೆಲ್ಟಾ ರೆಕ್ಕೆ. ವಿಮಾನ ಮೂತಿ ಎತ್ತಿದಾಗ ಕೆಳಗಿನ ಗಾಳಿ ರೆಕ್ಕೆಯ ಮುಂದಿನ ಅಂಚನ್ನು ಬಳಸಿ ಮೇಲೆ ಬರಬೇಕು. ಅಂಚು ಕತ್ತಿಯಂತೆ ಹರಿತವಾಗಿದ್ದರೆ, ಆಗುಂಬೆ ಘಾಟಿಯ ತಿರುವಿಗೆ ಜೋರಾಗಿ ಬಂದ ಲಾರಿಯಂತೆ ಗಾಳಿಗೆ ತಿರುಗಲಾಗದು. ಅಂಚಿನಲ್ಲೇ ರೆಕ್ಕೆಯನ್ನು ಬಿಟ್ಟು ಸುಳಿಯಾಗಿ ಸುತ್ತುತ್ತದೆ. ಎಡಕ್ಕೊಂದು, ಬಲಕ್ಕೊಂದು ಸುಳಿ. ಸುಳಿಯ ನಡುವೆ ಒತ್ತಡ ಕಡಿಮೆ. ಅದೇ ರೆಕ್ಕೆಯನ್ನು ಮೇಲಕ್ಕೆ ಸೆಳೆಯುತ್ತದೆ. ಕಾಂಕಾರ್ಡ್ ಮೂತಿ ಎತ್ತಿಕೊಂಡು ಇಳಿಯುತ್ತಿದ್ದುದು ಈ ಸುಳಿಗಳನ್ನು ನಂಬಿಯೇ. ಮೂತಿ ಅತಿಯಾಗಿ ಎತ್ತಿದರೆ ಸುಳಿ ರೆಕ್ಕೆಯ ಮೇಲೆಯೇ ಒಡೆಯುತ್ತದೆ.

ಅಂಚು ದುಂಡಗಿದ್ದರೆ ಕಥೆಯೇ ಬೇರೆ. ಮೂತಿ ಸ್ವಲ್ಪವೇ ಎತ್ತಿದಾಗ ಗಾಳಿ ಅಂಚಿಗೆ ಅಂಟಿಕೊಂಡೇ ಹರಿಯುತ್ತದೆ, ಎಳೆತ ಕಡಿಮೆಯಾಗುತ್ತದೆ, ಇಂಧನ ಉಳಿಯುತ್ತದೆ. ಮೂತಿ ಇನ್ನಷ್ಟು ಎತ್ತಿದಂತೆ ಸುಳಿ ರೆಕ್ಕೆಯ ತುದಿಯ ಕಡೆ ಹುಟ್ಟಿ ಮುಂದಕ್ಕೆ ಸರಿಯುತ್ತದೆ. ಅದು ಎಲ್ಲಿ, ಯಾವಾಗ ಹುಟ್ಟುತ್ತದೆ ಎಂಬುದು ಅಂಚಿನ ದುಂಡಗೆ, ವೇಗ, ರೆಕ್ಕೆಯ ಗಾತ್ರ ಎಲ್ಲವನ್ನೂ ಅವಲಂಬಿಸಿದೆ. ಹರಿತ ಅಂಚಿನಲ್ಲಿ ಆ ಜಾಗ ಮೊದಲೇ ಗೊತ್ತು. ದುಂಡಗಿನ ಅಂಚಿನಲ್ಲಿ ಹುಡುಕಬೇಕು.

ನನ್ನ ಪ್ರಾಜೆಕ್ಟ್‌ನಲ್ಲಿ ಎರಡನ್ನೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದೆ. ಹರಿತ ರೆಕ್ಕೆಗೆ ಯಾವ ಟರ್ಬುಲೆನ್ಸ್ ಮಾಡೆಲ್ ಹಾಕಿದರೂ ಉತ್ತರ ಹೆಚ್ಚುಕಡಿಮೆ ಒಂದೇ. ದುಂಡಗಿನ ರೆಕ್ಕೆಗೆ ಮಾಡೆಲ್ ಬದಲಿಸಿದರೆ ಸುಳಿಯ ಜಾಗವೇ ಬದಲಾಗುತ್ತಿತ್ತು. ಚಿತ್ರಗಳು ಮಾತ್ರ ಎಲ್ಲವೂ ಅಷ್ಟೇ ಸುಂದರ! ವರದಿಯಲ್ಲಿ ಹರಿತ ರೆಕ್ಕೆಗೆ ಎರಡು ಅಧ್ಯಾಯ ಕೊಟ್ಟೆ, ದುಂಡಗಿನದಕ್ಕೆ ಒಂದು ಪ್ಯಾರಾ. ಪದವಿ ಬಂತು. ಆ ಪ್ಯಾರಾ ಇವತ್ತಿಗೂ ಚುಚ್ಚುತ್ತದೆ.

ಅಮೆರಿಕದ ನಾಸಾ ಈ ಪ್ರಶ್ನೆಯನ್ನು ಹಾಗೆ ಬದಿಗಿಡಲಿಲ್ಲ. ಅದರ ಲ್ಯಾಂಗ್ಲಿ ಕೇಂದ್ರದವರು 65 ಡಿಗ್ರಿಯ ಒಂದೇ ಡೆಲ್ಟಾ ರೆಕ್ಕೆಗೆ ಕಳಚಿ ಜೋಡಿಸಬಹುದಾದ ನಾಲ್ಕು ಅಂಚು ಮಾಡಿ, ಒಂದು ಹರಿತ, ಮೂರು ದುಂಡಗಿನವು, ವಿಂಡ್ ಟನಲ್‌ನಲ್ಲಿ ಅಳೆದರು. ಪುಟ್ಟ ಮಾದರಿಯ ಹರಿವು ನಿಜ ವಿಮಾನದ ಹರಿವಿಗೆ ಹತ್ತಿರವಾಗಲೆಂದು ಆ ಟನಲ್‌ನಲ್ಲಿ ಅತಿ ತಣ್ಣನೆಯ ಸಾರಜನಕ ಹರಿಸುವ ವ್ಯವಸ್ಥೆಯಿದೆ. 1996ರಲ್ಲಿ ಪ್ರಕಟವಾದ ಆ ಅಳತೆಗಳ ಜೊತೆ ಬೇರೆ ದೇಶಗಳ ಸಂಶೋಧಕರೂ ತಮ್ಮ ಲೆಕ್ಕ ಹೋಲಿಸಿದರು.

ಸಾಫ್ಟ್‌ವೇರ್ ಬರೆದು ಬದುಕುವ ನಾನು ಸಿಮ್ಯುಲೇಶನ್ ಬೇಡ ಎನ್ನಲಾರೆ. ಆದರೆ ಅದು ಅಗ್ಗ, ಟನಲ್ ದುಬಾರಿ ಎಂಬ ಒಂದೇ ಕಾರಣಕ್ಕೆ ಪ್ರಯೋಗವನ್ನು ಕೈಬಿಡುವುದು ತಪ್ಪು. ಬೆಂಗಳೂರಿನ ಎನ್‌ಎಎಲ್‌ನಲ್ಲಿ ದೊಡ್ಡ ವಿಂಡ್ ಟನಲ್‌ಗಳಿವೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೆ ಚಿಕ್ಕದೊಂದು ಸಾಕು. ಲೆಕ್ಕ ಮತ್ತು ಅಳತೆ ಎಲ್ಲಿ ಹೊಂದಲಿಲ್ಲ ಎಂದು ಬರೆದ ವಿದ್ಯಾರ್ಥಿಗೆ ಅಂಕ ಕಡಿಮೆಯಾಗಬಾರದು, ಹೆಚ್ಚಾಗಬೇಕು. ನನಗೆ ಆಗ ಆ ಧೈರ್ಯವಿರಲಿಲ್ಲ. ವಿಮಾನ ಹಾರಿಸುವವರು ನಂಬುವುದು ನಮ್ಮ ಚಿತ್ರವನ್ನಲ್ಲ, ಅದರ ಹಿಂದಿನ ಸಾಕ್ಷಿಯನ್ನು.

ಹುಡುಗನಿಗೆ ಹರಿತ ಅಂಚಿನ ಕಥೆ ಹೇಳಿ ಮುಗಿಸಿದ್ದೆ. ‘ಅಂಚು ದುಂಡಗಿದ್ದರೆ?’ ಎಂದು ಕೇಳಿದ. ಈ ಸಲ ಒಂದು ಪ್ಯಾರಾದಲ್ಲಿ ಮುಗಿಸಲಿಲ್ಲ.